ಮಧ್ಯಾಹ್ನದ ನಿದ್ದೆ

ಜೂನ್ ೩

ಸೊಸೆಗೆ,

ನೀನು ದ್ವೀಪ ಮುಟ್ಟಿದ ಬೆನ್ನಲ್ಲೇ ಈ ಕಾಗದವೂ ಮುಟ್ಟಲಿ ಎಂದು ಇವತ್ತೇ ಬರೆಯುತ್ತಿದ್ದೇನೆ. ದೋಣಿ ಹದಿನೈದು ದಿನಕ್ಕೊಮ್ಮೆ ಎಂದೆಯಲ್ಲ, ತಪ್ಪಿದರೆ ಮತ್ತೆ ಕಾಯಬೇಕು.

ನಿನಗೆ ಬೇಕಾದ ಸುದ್ದಿ ಮೊದಲು. ಬಟಾಣಿ ಅಳಲಿಲ್ಲ. ನೀನು ಮೆಟ್ಟಿಲಿಳಿದು ಹೋದ ಮೇಲೂ ಸುಮಾರು ಹೊತ್ತು ಮಲಗಿಯೇ ಇದ್ದಳು. ಆಮೇಲೆ ಎದ್ದು ಬಂದು ನೀರು ಕೇಳಿದಳು. ಬಾಗಿಲ ಹಿಂದೆ ನಿನ್ನ ಪೆಟ್ಟಿಗೆ ಇದ್ದ ಜಾಗ ನೋಡಿದಳು. "ಅಮ್ಮ ಕೆಲಸಕ್ಕೆ ಹೋದ್ಳು, ಮೋಡ ನೋಡೋ ಕೆಲಸ" ಅಂದೆ. "ಹೂಂ" ಅಂದಳು. ಲೋಟ ತಾನೇ ತೊಳೆದು ಬೋರಲು ಹಾಕಿದಳು. ನಾಲ್ಕು ವರ್ಷದ ಮಗು!

ಮಧ್ಯಾಹ್ನ ಅವಳು ಮಲಗಿದಾಗ ಹೊರಟುಬಿಡು, ಇಬ್ಬರಿಗೂ ಸಂಕಟವಿಲ್ಲ ಎಂದು ನಾನು ಹೇಳಿದಾಗ ನೀನು ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲೇ ಅನುಮಾನ ಮಾಡಿದೆ. ಈಗ ನೋಡು. ನಿನ್ನ ಗಂಡನನ್ನು ಬೆಳೆಸಿದ್ದೂ ಹೀಗೆಯೇ. ನಾನು ಆಸ್ಪತ್ರೆಯ ಹೊಲಿಗೆ ಕೋಣೆಗೆ ಹೊರಟಾಗ ಒಂದು ದಿನವೂ ಅವನು ಅಡ್ಡ ನಿಂತು ಅತ್ತದ್ದಿಲ್ಲ.

ಸೋಮವಾರದಿಂದ ಇವಳಿಗೆ ಶಿಶುವಿಹಾರ. ಬೆಳಿಗ್ಗೆ ಬಿಟ್ಟು ಕೆಲಸಕ್ಕೆ ಹೋಗಿ, ಸಂಜೆ ಕರೆದುಕೊಂಡು ಬರುತ್ತೇನೆ. ನಿನ್ನ ಗಂಡ ಗೂಡ್ಸ್ ರೈಲಿನ ಬಾಲ ಹಿಡಿದು ಎಲ್ಲಿ ಹೋಗಿದ್ದಾನೋ, ಗಾರ್ಡ್ ಕೆಲಸದವರ ಲೆಕ್ಕ ನನಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ. ಬಂದರೆ ಮೊದಲು ಮಲಗುತ್ತಾನೆ, ಆಮೇಲೆ ಹಸಿವು ಎನ್ನುತ್ತಾನೆ.

ಗಟ್ಟಿ ಮಗು. ನಿನ್ನ ಕೆಲಸ ನೋಡಿಕೋ.

ಅತ್ತೆ


ಜೂನ್ ೨೧

ಅತ್ತೆಯವರಿಗೆ,

ನಿಮ್ಮ ಕಾಗದ, ಆಲೂಗಡ್ಡೆ ಮೂಟೆ ಮತ್ತು ಸೀಮೆಎಣ್ಣೆ ಒಂದೇ ದೋಣಿಯಲ್ಲಿ ಬಂದವು. ಕಾಗದಕ್ಕೆ ಸ್ವಲ್ಪ ಸೀಮೆಎಣ್ಣೆಯ ವಾಸನೆ ಇದೆ.

ಇಲ್ಲಿ ನಾವು ಐದು ಜನ. ಮೂರು ಗಂಟೆಗೊಮ್ಮೆ ಗಾಳಿ ಎಷ್ಟು, ಒತ್ತಡ ಎಷ್ಟು, ಆಕಾಶದ ಎಷ್ಟು ಪಾಲನ್ನು ಮೋಡ ಮುಚ್ಚಿದೆ ಎಂದು ನೋಡಿ ಕಳಿಸಬೇಕು. ಬೆಳಿಗ್ಗೆ ಮೇಲಿನ ಗಾಳಿ ಅಳೆಯಲು ಬಲೂನು ಬಿಡುತ್ತೇವೆ. ಕೈಬಿಡುವ ಮುಂಚೆ ಅದು ಒಮ್ಮೆ ಬಲವಾಗಿ ಜಗ್ಗುತ್ತದೆ. ಮೊದಲ ದಿನ ನಾನು ಬಿಡುವುದು ತಡವಾಯಿತು. "ಏನಮ್ಮಾ, ನೀನೂ ಜೊತೆಗೆ ಹೋಗೋ ಯೋಚನೆನಾ?" ಎಂದರು ಮೇಲಧಿಕಾರಿ. ಇಲ್ಲಿರುವ ಒಂದೇ ಫೋನು ಆಫೀಸಿನದು, ಅದರಲ್ಲಿ ಅಂಕಿಗಳಿಗೆ ಮಾತ್ರ ಜಾಗ.

ಅಳಲಿಲ್ಲ ಎಂದು ನೀವು ಬರೆದದ್ದನ್ನು ಹಲವು ಸಲ ಓದಿದೆ. ನೆಮ್ಮದಿಯಾಯಿತು ಎಂದು ಬರೆಯಬೇಕು. ಆಗಿದೆ ಕೂಡ. ಆ ನೆಮ್ಮದಿಯ ಪಕ್ಕದಲ್ಲಿ ಇನ್ನೇನೋ ಬಂದು ಕುಳಿತಿದೆ, ಅದನ್ನು ಮಾತಾಡಿಸಲು ಹೋಗಿಲ್ಲ.

ಅವಳು ನನ್ನನ್ನು ಕೇಳುತ್ತಾಳೆಯೇ? ಕೇಳದಿದ್ದರೆ ಕೇಳುವುದಿಲ್ಲ ಎಂದೇ ಬರೆಯಿರಿ.

ನಿಮ್ಮ ಸೊಸೆ


ಜುಲೈ ೮

ಸೊಸೆಗೆ,

ಬಟಾಣಿ ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ. ಬಣ್ಣ ಬಳಿಯುತ್ತಾಳೆ, ಹೆಚ್ಚಾಗಿ ಮೀನು. ಶಿಶುವಿಹಾರದಲ್ಲಿ ಇಬ್ಬರು ಮಿಸ್‌ಗಳು, ಒಬ್ಬರು ದೊಡ್ಡ ಮಿಸ್, ಒಬ್ಬಳು ಚಿಕ್ಕ ಮಿಸ್. ಆಸ್ಪತ್ರೆಯಲ್ಲಿ ಹೊಸ ಪರದೆಗಳ ಹೊಲಿಗೆ ಬಂದಿದೆ, ನನಗೆ ಬಿಡುವಿಲ್ಲ. ಅದಕ್ಕೇ ಚಿಕ್ಕ ಕಾಗದ.

ಒಂದು ಮಾತು ಕೇಳಬೇಕು. ನಿಮ್ಮ ಕಡೆಯವರಲ್ಲಿ ಯಾರಿಗಾದರೂ ನಿದ್ದೆ ಕಡಿಮೆಯೇ? ಸುಮ್ಮನೆ ಕೇಳಿದೆ.

ಅತ್ತೆ


ಜುಲೈ ೨೬

ಅತ್ತೆಯವರಿಗೆ,

ನೀವು ಯಾವತ್ತೂ ಏನನ್ನೂ ಸುಮ್ಮನೆ ಕೇಳಿದವರಲ್ಲ.

ಅವಳು ಮಲಗುತ್ತಿಲ್ಲ ಎಂದು ನೇರವಾಗಿ ಬರೆಯಬಹುದಿತ್ತು. ನಮ್ಮ ಕಡೆ ಎಲ್ಲರೂ ತಲೆ ದಿಂಬಿಗೆ ತಾಗಿದರೆ ಸಾಕು, ಗೊರಕೆ ಹೊಡೆಯುವವರೇ. ನಿಮ್ಮ ಕಡೆಯ ಸಂಗತಿ ನಿಮಗೇ ಗೊತ್ತು. ಸಂಜೆ ಅವಳಿಗೆ ಚಹಾ ಕೊಡುತ್ತಿದ್ದೀರಾ? ನೀವು ಕುಡಿಯುವಾಗ ಅವಳು ಕೇಳುತ್ತಾಳೆ, ನೀವು ತಟ್ಟೆಗೆ ಸುರಿಯುತ್ತೀರಿ, ನಾನು ನೋಡಿದ್ದೇನೆ. ಇನ್ನೊಂದು, ನಿಮ್ಮ ಮಗ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅವಳನ್ನು ಎಬ್ಬಿಸಿ ಆಡಿಸುತ್ತಾರೆ. ಅವರಿಗೆ ಹೇಳಿ.

ಯಾವ ಹೊತ್ತಿಗೆ ಹಾಲು, ಯಾವ ಹೊತ್ತಿಗೆ ಸ್ನಾನ, ಯಾವಾಗ ದೀಪ ಆರಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಹಾಗೆಯೇ ಮಾಡಿ. ಮಕ್ಕಳಿಗೆ ಹೊತ್ತು ಮುಖ್ಯ.

ನಿಮ್ಮ ಸೊಸೆ


ಆಗಸ್ಟ್ ೧೪

ಸೊಸೆಗೆ,

ನಿನ್ನ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಬಟಾಣಿ ಅದರ ಮೇಲೆ ಮೀನು ಬರೆದಿದ್ದಾಳೆ. ಚಹಾ ಕೊಟ್ಟಿಲ್ಲ. ತಟ್ಟೆಗೆ ಸುರಿದದ್ದು ಹೋದ ವರ್ಷ, ನೀನೂ ಇದ್ದೆ, ನಗುತ್ತಿದ್ದೆ.

ಮುಚ್ಚಿಟ್ಟದ್ದು ಸಾಕು. ಕೇಳು. ಇವಳು ರಾತ್ರಿ ಬಾಗಿಲಿಗೆ ಎದುರಾಗಿ ಕೂತು, ತೂಕಡಿಸಿ, ಗೋಡೆಗೆ ಒರಗಿ ಹಾಗೇ ಬೀಳುತ್ತಾಳೆ. ಎತ್ತಿ ಹಾಸಿಗೆಗೆ ಹಾಕಿದರೆ ಎಚ್ಚರ. ಅದನ್ನಾದರೂ ನಾನು ಹೇಗೋ ಸುಧಾರಿಸುತ್ತಿದ್ದೆ. ಶಿಶುವಿಹಾರದಲ್ಲಿ ಊಟವಾದ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸುತ್ತಾರೆ. ಇವಳು ಮಲಗುವುದಿಲ್ಲ. ಮಲಗದಿದ್ದರೆ ಹೋಗಲಿ, ಎದ್ದು ಹೋಗಿ ಒಬ್ಬೊಬ್ಬರ ಕಣ್ಣುರೆಪ್ಪೆ ಎತ್ತಿ ನೋಡುತ್ತಾಳೆ! ಎರಡು ಬೆರಳಲ್ಲಿ, ಡಾಕ್ಟರ ಹಾಗೆ. ಯಾರಾದರೂ ನಿಜವಾಗಿ ಮಲಗಿದ್ದರೆ ಭುಜ ಹಿಡಿದು ಅಲುಗಾಡಿಸುತ್ತಾಳೆ. ಒಬ್ಬಳು ಎದ್ದು ಅಳುತ್ತಾಳೆ, ಅವಳ ಅಳುವಿಗೆ ಇನ್ನೊಬ್ಬ, ಆಮೇಲೆ ಇಡೀ ಸಾಲು. ಹೋದ ವಾರ ಒಬ್ಬ ಹುಡುಗನ ಕಣ್ಣಿಗೆ ಉಗುರು ತಾಗಿ ಕೆಂಪಾಯಿತು. ಅವನ ತಾಯಿ ಬಂದು ಗಲಾಟೆ ಮಾಡಿದರು.

ದೊಡ್ಡ ಮಿಸ್ ನನ್ನನ್ನು ಕರೆಸಿದರು.

"ನೋಡಿ ಅಜ್ಜಿ, ತುಂಟತನ ಅಂದ್ರೆ ನಮಗೆ ಗೊತ್ತು. ಇದು ಬೇರೆ. ಬೇರೆ ಮಕ್ಕಳಿಗೆ ನೋವು ಮಾಡಿ ಖುಷಿಪಡೋದು ಒಳ್ಳೇದಲ್ಲ."

"ಖುಷಿಪಡ್ತಾಳಾ? ನೀವು ನೋಡಿದ್ರಾ?"

"ನಗಲ್ಲ. ಅದೇ ನನಗೆ ಭಯ" ಅಂದರು.

ಈ ತಿಂಗಳ ಕೊನೆಯವರೆಗೆ ನೋಡುತ್ತಾರಂತೆ. ಸರಿಹೋಗದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅಂದರೆ ನಾನು ಹೊಲಿಗೆ ಕೋಣೆ ಬಿಡಬೇಕು, ಇಲ್ಲ ನೀನು ಬರಬೇಕು. ನಿನ್ನ ಗಂಡನಿಗೆ ಹೇಳಿದೆ. ಹೊದಿಕೆಯೊಳಗಿಂದ "ನೋಡೋಣ" ಅಂದ. ಅವನ ರೆಪ್ಪೆಯನ್ನೂ ಎತ್ತುತ್ತಾಳೆ, ಅವನು ಹಾಗೆಯೇ ಗೊರಕೆ ಹೊಡೆಯುತ್ತಾನೆ.

ಮನೆಯಲ್ಲಿ ಕೂರಿಸಿ ಗದರಿದೆ. ಕೆನ್ನೆಗೆ ಒಂದು ಕೊಟ್ಟೆ ಕೂಡ. ಆಗಲೂ ಅಳಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಒಂದು ಸಲವೂ ನಿನ್ನನ್ನು ಕೇಳಿಲ್ಲ.

ಅತ್ತೆ


ಆಗಸ್ಟ್ ೩೦

ಅತ್ತೆಯವರಿಗೆ,

ಚಹಾದ ಮಾತಿಗೆ ಕ್ಷಮಿಸಿ.

ಕಾಗದ ಓದಿ ಹೊರಗೆ ಹೋಗಿ ನಿಂತೆ. ಗಾಳಿ ಜೋರಾಗಿತ್ತು, ಅದರ ವೇಗ ಅಳೆದು ಬರೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದೆ, ಯಾರೂ ಕೇಳಿರಲಿಲ್ಲ.

ನೀವು ಕೆಲಸ ಬಿಡಬೇಡಿ. ಆ ಹೊಲಿಗೆ ಯಂತ್ರದ ಮುಂದೆ ನಿಮ್ಮ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ. ಇಲ್ಲಿಗೆ ಬರಬೇಕೆಂದು ಹಟ ಹಿಡಿದವಳು ನಾನು. ಐದು ವರ್ಷ ಅರ್ಜಿ ಹಾಕಿ ಪಡೆದ ಜಾಗ. ಆಕಾಶವನ್ನು ಪೂರ್ತಿಯಾಗಿ ನೋಡುವ ಕೆಲಸ ಎಂದು ನಿಮ್ಮ ಮಗನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಒಂದು ಮಗು ಕಂಡ ಕಂಡ ಮಕ್ಕಳ ಕಣ್ಣಿಗೆ ಬೆರಳು ಹಾಕುವಂತಾದರೆ ಈ ಆಕಾಶ ಯಾರಿಗೆ ಬೇಕು.

ಅವಳೊಳಗೆ ಏನೋ ಗಡುಸಾಗಿದೆ ಎಂದು ಭಯವಾಗುತ್ತದೆ. ಅದು ನನ್ನಿಂದ ಬಂದದ್ದಿರಬೇಕು. ನಾನೂ ಕಷ್ಟದ ಹೊತ್ತಿನಲ್ಲಿ ನಗುವುದಿಲ್ಲ, ಅಳುವುದೂ ಇಲ್ಲ, ಅಳೆಯುತ್ತೇನೆ.

ರಾಜೀನಾಮೆ ಬರೆದು ಮೇಲಧಿಕಾರಿಗೆ ಕೊಟ್ಟಿದ್ದೇನೆ. ಬದಲಿ ಜನ ಬರುವವರೆಗೆ ಇರಬೇಕಾಗುತ್ತದೆ. ದೊಡ್ಡ ಮಿಸ್ ಹತ್ತಿರ ಅಲ್ಲಿಯವರೆಗೆ ಸಮಯ ಕೇಳಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೨

ಸೊಸೆಗೆ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯದೆ ಬರೆಯುತ್ತಿದ್ದೇನೆ, ಯಾಕೆಂದರೆ ಹಿಂದಿನ ಕಾಗದ ನಿನ್ನ ಕೈ ಸೇರಿ ನೀನು ದುಡುಕಿ ಏನಾದರೂ ಮಾಡಿಬಿಡುತ್ತೀಯ. ಮಾಡಬೇಡ. ಮೊದಲು ಇದನ್ನು ಓದು.

ಆ ಚಿಕ್ಕ ಮಿಸ್ ಹೋದ ವಾರ ಗೇಟಿನ ಹತ್ತಿರ ನನ್ನನ್ನು ಹಿಡಿದಳು. ಮಕ್ಕಳ ಮಧ್ಯೆ ನಿಂತರೆ ಮಿಸ್ ಯಾರೆಂದು ಹುಡುಕಬೇಕು, ಅಷ್ಟೇ ಎತ್ತರ. "ಅಜ್ಜಿ, ನಾಳೆ ಮಲಗೋ ಹೊತ್ತಿಗೆ ಬಂದು ಸುಮ್ನೆ ಕೂತ್ಕೊಳ್ಳಿ. ಒಂದೇ ಷರತ್ತು, ಬೈಬಾರ್ದು" ಅಂದಳು. ಬಾಯಿ ಕಟ್ಟಿ ಕೂರಲು ದಿಂಬಿನ ಚೀಲಗಳಿಗೆ ಗುಂಡಿ ಹಾಕುವ ಕೆಲಸ ತೆಗೆದುಕೊಂಡು ಹೋದೆ. ಮಕ್ಕಳ ಕುರ್ಚಿ ಕೊಟ್ಟಳು. ಅದರಿಂದ ನನ್ನನ್ನು ಏಳಿಸಲು ಆಮೇಲೆ ಇಬ್ಬರು ಬೇಕಾದರು.

ನೀಲಿ ಪರದೆ ಎಳೆದು ಕೋಣೆ ಮಬ್ಬು ಮಾಡಿದ್ದರು. ಒಂದೊಂದೇ ಮಗು ಮಗ್ಗುಲಾಯಿತು. ಬಟಾಣಿ ಎದ್ದಳು. ಮೊದಲನೆಯ ಹಾಸಿಗೆಯ ಹತ್ತಿರ ಬಗ್ಗಿದಳು. ನನಗೆ ಕೂಗಬೇಕೆನ್ನಿಸಿತು, ದಾರ ಕಚ್ಚಿಕೊಂಡೆ. ಚಿಕ್ಕ ಮಿಸ್ ಅವಳ ಕೈ ಹಿಡಿಯಲಿಲ್ಲ. ಹಿಂದೆಯೇ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತಾನೂ ಆ ಹುಡುಗನ ಮುಖ ನೋಡಿದಳು.

"ಏನ್ ನೋಡ್ತಿದೀಯ?"

"ನಿದ್ದೆ ಬಂದಿದ್ಯಾ ಅಂತ."

"ಬಂದ್ರೆ?"

ಇವಳು ಹುಡುಗನ ಹೊದಿಕೆಯ ಅಂಚು ಹಿಡಿದುಕೊಂಡಳು. ಚಿಕ್ಕ ಮಿಸ್ ಕಾದಳು. ನಾನಾಗಿದ್ದರೆ ಅಷ್ಟರಲ್ಲಿ ನಾಲ್ಕು ಪ್ರಶ್ನೆ ಕೇಳಿ ನಾನೇ ಉತ್ತರವನ್ನೂ ಹೇಳಿರುತ್ತಿದ್ದೆ.

"ಇವನಮ್ಮ ಹೊರಟ್ಹೋಗ್ತಾರೆ" ಅಂದಳು ಬಟಾಣಿ.

"ಎಲ್ಲಿಗೆ?"

"ಗೊತ್ತಿಲ್ಲ. ಮಲಗಿದ್ರೆ ಹೇಳಲ್ಲ."

ಗುಂಡಿಯನ್ನು ತಪ್ಪು ಬದಿಗೆ ಹೊಲಿದಿದ್ದೆ. ಬಿಚ್ಚಿ ಮತ್ತೆ ಹಾಕಿದೆ.

ಅವಳು ಆ ಮಕ್ಕಳಿಗೆಲ್ಲ ಉಪಕಾರ ಮಾಡುತ್ತಿದ್ದಳು ನೋಡು. ಇಷ್ಟು ದಿನ ಒಬ್ಬಳೇ. ನಾವು ತುಂಟಿ ಎಂದೆವು, ಕೆಟ್ಟವಳು ಎಂದೆವು, ನಾನು ಕೈ ಕೂಡ ಎತ್ತಿದೆ. ರಾತ್ರಿ ಬಾಗಿಲಿಗೆ ಎದುರಾಗಿ ಕೂರುವುದು ನನಗಾಗಿ. ನಾನೂ ಹೋಗಿಬಿಡಬಾರದು ಎಂದು.

ಚಿಕ್ಕ ಮಿಸ್ ಆಮೇಲೆ ಹೇಳಿದಳು, "ಮಲಗು ಅಂತ ಹೇಳೋದು ಬಿಡೋಣ ಅಜ್ಜಿ. ಇವಳಿಗೆ ಒಂದು ಕೆಲಸ ಕೊಡೋಣ." ದೊಡ್ಡ ಮಿಸ್ ಒಪ್ಪಲಿಲ್ಲ. "ಇದು ಶಿಶುವಿಹಾರಾನಾ, ಕಾವಲುಗಾರರ ತರಬೇತಿನಾ?" ಅಂದರು. ಕೊನೆಗೆ ಇನ್ನೊಂದು ತಿಂಗಳು ಕೊಟ್ಟಿದ್ದಾರೆ. ಈಗ ಬಟಾಣಿ ಬಾಗಿಲ ಹತ್ತಿರ ಚಿಕ್ಕ ಮಿಸ್ ಜೊತೆ ಕೂರುತ್ತಾಳೆ. ಮಕ್ಕಳು ಮಲಗಿರುವಾಗ ಯಾರ ತಾಯಿ ಬಂದರೂ ಇವಳೇ ಹೋಗಿ ಆ ಮಗುವಿನ ಪಾದ ಮುಟ್ಟಿ, "ನಿಮ್ಮಮ್ಮ ಬಂದ್ರು, ಏಳು" ಎಂದು ಎಬ್ಬಿಸಬೇಕು. ರೆಪ್ಪೆ ಮುಟ್ಟುವ ಹಾಗಿಲ್ಲ. ಮಲಗಿದವರ ಅಮ್ಮಂದಿರೂ ಬರುತ್ತಾರೆ ಎಂದು ಅವಳಿಗೆ ಯಾರೂ ಹೇಳಿಲ್ಲ. ದಿನಾ ನೋಡುತ್ತಿದ್ದಾಳೆ.

ಮನೆಗೆ ಒಂದು ನಿಯಮ ಕೊಟ್ಟಿದ್ದಾಳೆ ಆ ಚಿಕ್ಕ ಮಿಸ್. ಎಲ್ಲಿಗೆ ಹೋದರೂ ಹೇಳಿ ಹೋಗಬೇಕು. ಬಚ್ಚಲಿಗೆ ಹೋದರೂ ಸರಿ. "ಬಟಾಣಿ, ಬಚ್ಚಲಿಗೆ ಹೋಗ್ತಿದೀನಿ, ಬರ್ತೀನಿ." "ಕಸ ಹಾಕೋಕೆ ಹೋಗ್ತಿದೀನಿ, ಬರ್ತೀನಿ." ಹೊಲಿಗೆ ಕೋಣೆಯಲ್ಲೂ ಬಾಯಿಗೆ ಬಂದುಬಿಟ್ಟಿತು. "ಹೋಗಮ್ಮ ತಾಯಿ, ನಾವೇನ್ ಅಳಲ್ಲ" ಎಂದು ಎಲ್ಲರೂ ನಕ್ಕರು.

ನಿನ್ನ ಗಂಡನಿಗೆ ಇದನ್ನೆಲ್ಲ ಹೇಳಿದಾಗ ಅವನು ಎದ್ದು ಕೂತ. "ಸೀಟಿ ಊದದೆ ಗಾಡಿ ಬಿಟ್ರೆ ನನ್ನನ್ನ ಕೆಲಸದಿಂದ ತೆಗೀತಾರಮ್ಮ. ಈ ಮನೇಲಿ ಮಾತ್ರ ಎಲ್ಲರೂ ಸದ್ದಿಲ್ಲದೆ ಹೊರಡ್ತೀರಿ" ಅಂದ. ಎಷ್ಟು ವರ್ಷದ್ದು ಸೇರಿಸಿ ಹೇಳಿದನೋ ನಾನು ಕೇಳಲಿಲ್ಲ.

ನೀನು ರಜೆಗೆ ಬಾ. ಆದರೆ ವಾಪಸ್ಸು ಹೋಗುವಾಗ ಅವಳು ಎಚ್ಚರವಾಗಿರುವಾಗ, ಅವಳ ಕಣ್ಣೆದುರಿಗೇ ಹೋಗಬೇಕು. ನಾನು ಕೊಟ್ಟ ಬುದ್ಧಿ ವಾಪಸ್ಸು ತೆಗೆದುಕೊಂಡಿದ್ದೇನೆ.

ಅತ್ತೆ


ಸೆಪ್ಟೆಂಬರ್ ೨೧

ಅತ್ತೆಯವರಿಗೆ,

ನನ್ನ ಕಾಗದ, ನಿಮ್ಮ ಕಾಗದ ಸಮುದ್ರದ ಮಧ್ಯೆ ಎಲ್ಲೋ ಎದುರುಬದುರಾಗಿ ಹಾದುಹೋಗಿರಬೇಕು.

ರಾಜೀನಾಮೆ ಇನ್ನೂ ಮೇಲಧಿಕಾರಿಯ ಮೇಜಿನ ಮೇಲಿದೆ. "ಇಂಥ ಗಾಳಿ ಬೀಸುವಾಗ ಬರೆದದ್ದನ್ನ ನಾನು ಕಳಿಸಲ್ಲ. ರಜೆಗೆ ಹೋಗಿ ಬಾ. ಬಂದ ಮೇಲೂ ಕಳಿಸಿ ಅಂದ್ರೆ ಕಳಿಸ್ತೀನಿ" ಎಂದರು. ಆದ್ದರಿಂದ ಅದು ಹೋಗಿಯೂ ಇಲ್ಲ, ಹರಿದೂ ಇಲ್ಲ.

ನಿಮಗೆ ಹೇಳದ ಒಂದು ಸಂಗತಿ ಇದೆ. ಆ ಮಧ್ಯಾಹ್ನ ನಾನು ಕೊನೆಯ ಸಲ ಬಗ್ಗಿ ನೋಡಿದಾಗ ಅವಳ ರೆಪ್ಪೆ ಅಲುಗಿತು. ಕನಸು ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ, ಉತ್ತರ ಮೊದಲೇ ಸಿದ್ಧವಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅವಳಿಗೆ ಆಗಲೇ ಎಚ್ಚರವಿತ್ತೋ ಏನೋ. ಅವಳು ಈಗ ರೆಪ್ಪೆ ಎತ್ತಿ ನೋಡುವುದು ಏನನ್ನು ಎಂದು ನನಗೆ ಮಾತ್ರ ಸ್ವಲ್ಪ ಹೆಚ್ಚು ಗೊತ್ತು.

ಎಚ್ಚರವಿರುವಾಗ ಹೋಗು ಎನ್ನುತ್ತೀರಿ. ಸರಿ ಎಂದು ಬರೆಯುತ್ತೇನೆ. ಆದರೆ ಅವಳು ಅತ್ತರೆ ನನ್ನಿಂದ ಬಸ್ಸು ಹತ್ತಲಾಗುವುದಿಲ್ಲ. ನೀವು ಇದಕ್ಕೂ ಏನಾದರೂ ಯೋಚಿಸಿಡಿ. ಅಕ್ಟೋಬರ್ ಕೊನೆಯ ದೋಣಿಗೆ ಹೊರಡುತ್ತೇನೆ.

ನಿಮ್ಮ ಸೊಸೆ


ನವೆಂಬರ್ ೯, ಬಂದರಿನ ಕಾಯುವ ಕೋಣೆಯಿಂದ

ಅತ್ತೆಯವರಿಗೆ,

ಬಸ್ಸು ಸಂಜೆ ತಲುಪಿತು. ದೋಣಿ ಇನ್ನೂ ಎರಡು ದಿನ ತಡವಂತೆ. ಬೆಂಚು ಇದೆ, ಗೋಡೆಗೆ ಹಳೆಯ ವೇಳಾಪಟ್ಟಿ ಅಂಟಿಸಿದ್ದಾರೆ, ಒಬ್ಬರು ಬಲೆ ಹೊಲಿಯುತ್ತಾ ಕೂತಿದ್ದಾರೆ.

ನಾವು ತಪ್ಪು ಮಾಡಿದೆವು.

ನಾನು ಚಿಕ್ಕ ಮಿಸ್ ಹೇಳಿದ ಹಾಗೆಯೇ ನಡೆದುಕೊಂಡೆ. ಹೊರಡುವ ದಿನವನ್ನು ಮುಂಚೆಯೇ ಹೇಳಿದೆ. "ಎಷ್ಟು ಸಲ ಮಲಗಿದ್ರೆ ಬರ್ತೀಯ?" ಎಂದು ಕೇಳಿದಳು. "ತುಂಬಾ ಸಲ" ಎಂದೆ, ಸುಳ್ಳು ಹೇಳಲಿಲ್ಲ. ಇವತ್ತು ಬೆಳಿಗ್ಗೆ ಹಾಲು ಕುಡಿದು ನಗುತ್ತಲೇ ಇದ್ದಳು. ಗೇಟಿನ ಹತ್ತಿರ ನಡೆದದ್ದನ್ನು ನೀವೇ ನೋಡಿದಿರಿ. ಪೆಟ್ಟಿಗೆಯ ಹಿಡಿಯನ್ನು ಬಿಡಲಿಲ್ಲ. "ಹೋಗ್ಬೇಡ. ನಂಗೆ ಕೋಪ ಬಂದಿದೆ. ನಿನ್ಮೇಲೆ ತುಂಬಾ ಕೋಪ ಬಂದಿದೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು. ನನ್ನ ಮಣಿಕಟ್ಟು ಕಚ್ಚಿದಳು, ಹಲ್ಲಿನ ಗುರುತು ಈಗಲೂ ಇದೆ. ಮೇಲಿನ ಮನೆಯಾಕೆ ಬಾಲ್ಕನಿಯಿಂದ "ಪಾಪ, ಮಗು ಮಲಗಿದ್ಮೇಲೆ ಹೋಗ್ಬಾರ್ದಿತ್ತಾ?" ಎಂದರು. ನೀವು ತಲೆಯೆತ್ತಿ "ಅಳ್ಲಿ ಬಿಡ್ರೀ, ಹೋಗ್ತಿರೋದು ಅವಳಮ್ಮ" ಎಂದಿರಿ. ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ನನಗೆ ಇರಲಿಲ್ಲ. ನಿಮ್ಮ ಮಗ ನನ್ನ ಬೆನ್ನಿಗೆ ಕೈಯಿಟ್ಟು ಬಸ್ಸಿನೊಳಕ್ಕೆ ತಳ್ಳದಿದ್ದರೆ ನಾನು ಗೇಟಿನಲ್ಲೇ ಇರುತ್ತಿದ್ದೆ.

ಬಸ್ಸಿನ ಕಿಟಕಿಯಿಂದ ಅವಳ ತೆರೆದ ಬಾಯಿ ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಆಮೇಲೆ ತಿರುವು ಬಂತು.

ಜೂನ್‌ನಲ್ಲಿ ಅವಳು ಒಂದು ಲೋಟ ನೀರು ಕುಡಿದು ಸುಮ್ಮನಾಗಿದ್ದಳು. ಈ ಸಲ ನಾವಾಗಿಯೇ ಅವಳ ಮನಸ್ಸು ಒಡೆದೆವು. ಇನ್ನೊಂದು ಸಲ ಹೀಗೆ ಹೊರಡುವ ಶಕ್ತಿ ನನಗಿಲ್ಲ, ಅವಳಿಗೂ ಇರಲಾರದು. ದ್ವೀಪ ತಲುಪಿದ ಕೂಡಲೇ ಆ ರಾಜೀನಾಮೆಯ ಹಾಳೆಯನ್ನು ಕಳಿಸಿಬಿಡಿ ಎಂದು ಮೇಲಧಿಕಾರಿಗೆ ಹೇಳುತ್ತೇನೆ. ದೊಡ್ಡ ಮಿಸ್‌ಗೆ ತಿಳಿಸಿ.

ನಿಮ್ಮ ಸೊಸೆ


ನವೆಂಬರ್ ೯

ಸೊಸೆಗೆ,

ಇದನ್ನು ಜರೂರು ಅಂಚೆಗೆ ಹಾಕುತ್ತಿದ್ದೇನೆ, ನೀನು ಹತ್ತುವ ದೋಣಿಗೇ ಸಿಗಲಿ ಎಂದು. ಹೊಲಿಗೆ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಯಂತ್ರ ಪಕ್ಕದಲ್ಲಿ ಸುಮ್ಮನಿದೆ, ಯಾರಾದರೂ ನೋಡಿದರೆ ಬೈಗುಳ ಖಂಡಿತ.

ಬಸ್ಸು ತಿರುಗಿದ ಮೇಲೂ ಅತ್ತಳು. ನಾನು ಎತ್ತಿಕೊಳ್ಳಲು ಹೋದರೆ ಒದ್ದಳು. ಸರಿ ಎಂದು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ತಾನೇ ಬಂದು ಪಕ್ಕದಲ್ಲಿ ಕೂತು ನನ್ನ ತೋಳಿಗೆ ಮೂಗು ಒರೆಸಿದಳು. ಬಿಕ್ಕುತ್ತಾ ಕೇಳಿದಳು:

"ಅಜ್ಜಿ, ಅಮ್ಮಂಗೆ ನೋವಾಯ್ತಾ? ನಾನು ಕಚ್ಚಿದ್ದು?"

"ಆಗಿರತ್ತೆ."

"ಅದಕ್ಕೇ ಅತ್ಲಾ?"

"ಅದಕ್ಕೂ ಅತ್ಲು. ನಿನ್ನ ಬಿಟ್ಟು ಹೋಗ್ಬೇಕಲ್ಲ, ಅದಕ್ಕೂ ಅತ್ಲು."

ಅವಳು ಯೋಚನೆ ಮಾಡಿದಳು. "ಅವಳ ಪಕ್ಕ ಬಸ್ಸಲ್ಲಿ ಯಾರಿದಾರೆ?" ಎಂದಳು. ಯಾರೋ ಇರುತ್ತಾರೆ ಎಂದೆ. "ಕರ್ಚೀಫ್ ಇದ್ಯಾ?" ಎಂದಳು. ಇದೆ ಎಂದೆ. ಇದೆ ತಾನೇ?

ಒಳಗೆ ಬಂದು ರೊಟ್ಟಿ ಬೇಕೆಂದಳು. ಅರ್ಧ ತಿಂದಳು. ನಡುಮನೆಯ ಚಾಪೆಯ ಮೇಲೆ ಒಂದು ಕಾಲಲ್ಲಿ ಮಾತ್ರ ಶೂ ಹಾಕಿಕೊಂಡು ಮೀನು ಬರೆಯುತ್ತಿದ್ದವಳು ಹಾಗೆಯೇ ಮಗ್ಗುಲಾದಳು. ನಾನು ಅಡುಗೆಮನೆಯಿಂದ ನೋಡುತ್ತಲೇ ಇದ್ದೆ. ಬಾಗಿಲಿಗೆ ಬೆನ್ನು. ಬಾಯಿ ತೆರೆದು ನಿದ್ದೆ. ಜೂನ್‌ನಲ್ಲಿ ನೀನು ಹೋದ ಮೇಲೆ ಈ ಮನೆಯಲ್ಲಿ ಹಗಲು ಹೊತ್ತು ಅವಳು ಮಲಗಿದ್ದು ಇದೇ ಮೊದಲು.

ಆದರೆ ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಅರ್ಧ ದಿನ ಮಾತ್ರ ರಜೆ ಹಾಕಿದ್ದೆ. ನಿನ್ನ ಗಂಡ ಇದ್ದ. ನಾನು ಅವಳ ಕಡೆ ಹೊರಟದ್ದು ನೋಡಿ ಕೈ ಅಡ್ಡ ಹಿಡಿದು ಪಿಸುಗುಟ್ಟಿದ, "ಎಬ್ಬಿಸ್ಬೇಡಮ್ಮ. ಎಷ್ಟು ದಿನದ ಮೇಲೆ ಮಲಗಿದಾಳೆ. ಎದ್ಮೇಲೆ ನಾನೇ ಹೇಳ್ತೀನಿ, ಹೋಗು."

ಹೋಗಲು ತಿರುಗಿದೆ. ಬಾಗಿಲ ಹತ್ತಿರ ಬಂದಾಗ ನೋಡಿಕೊಂಡೆ, ಚಪ್ಪಲಿ ನನ್ನ ಕೈಯಲ್ಲಿತ್ತು. ಸದ್ದಾಗದಿರಲಿ ಎಂದು ಯಾವಾಗ ಎತ್ತಿಕೊಂಡೆನೋ ನನಗೇ ತಿಳಿಯದು, ಕೈಗೆ ಅಭ್ಯಾಸ. ಚಪ್ಪಲಿಯನ್ನು ನೆಲಕ್ಕೆ ಹಾಕಿ ಕಾಲಿಗೆ ಮೆಟ್ಟಿಕೊಂಡು ವಾಪಸ್ಸು ಬಂದೆ. ನಿನ್ನ ಗಂಡ ತಲೆ ಚಚ್ಚಿಕೊಂಡ.

ಶೂ ಇಲ್ಲದ ಪಾದ ಮುಟ್ಟಿದೆ.

"ಬಟಾಣಿ, ನಾನು ಕೆಲಸಕ್ಕೆ ಹೋಗ್ತಿದೀನಿ. ಕತ್ತಲಾಗೋದ್ರೊಳಗೆ ಬರ್ತೀನಿ. ಅಪ್ಪ ಇಲ್ಲೇ ಇದಾನೆ."

ಅವಳು ಕಣ್ಣು ಬಿಡಲಿಲ್ಲ. ಪಾದ ಎಳೆದುಕೊಂಡಳು.

"ಹೂಂ, ಹೋಗ್ಬಾ" ಅಂದಳು. "ಬಾಗ್ಲು ಹಾಕ್ಕೊಂಡ್ ಹೋಗು ಅಜ್ಜಿ, ಬೆಳಕು ಬರ್ತಿದೆ."

ಹಾಕಿಕೊಂಡು ಬಂದೆ.

ಅತ್ತೆ